ಬಯಲುಸೀಮೆಯ ದಾರಿಗೆ ಕಾರಿನ ಫ್ರಿಜ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮದು 35 ಲೀಟರಿನ ಫ್ರಿಜ್. 12 ವೋಲ್ಟ್‌ನಲ್ಲಿ ಓಡುವ, ಕಂಪ್ರೆಸರ್ ಇರುವ ಮಾದರಿ. ಡಿಕ್ಕಿಯಲ್ಲಿ ಸರಿಯಾಗಿ ಕೂರುತ್ತದೆ. ಬೇಸಿಗೆಯಲ್ಲಿ ನಾನೂ ನನ್ನ ಸಾಗರದ ಗೆಳೆಯನೂ ಷಿಕಾಗೊದಿಂದ ಡೆನ್ವರ್‌ಗೆ ಕಾರಲ್ಲೇ ಹೋಗುವುದು ರೂಢಿ. ಆಗೆಲ್ಲ ಇದು ಜೊತೆಗಿರುತ್ತದೆ. ನೀವು ಸಸ್ಯಾಹಾರಿಯಾಗಿದ್ದು ಆ ಕಡೆ ಹೊರಟಿದ್ದರೆ, ಯೋಚನೆ ಮಾಡದೆ ತಗೊಳ್ಳಿ.

ಯಾಕೆ ಅಂತೀರಾ? ಐ-80 ಹೆದ್ದಾರಿ ಹಿಡಿದು ನೆಬ್ರಾಸ್ಕಾ ರಾಜ್ಯ ಒಂದನ್ನು ದಾಟುವುದಕ್ಕೇ ಸುಮಾರು 455 ಮೈಲಿ. ಲಿಂಕನ್ ಊರು ದಾಟಿದ ಮೇಲೆ ಗ್ರ್ಯಾಂಡ್ ಐಲ್ಯಾಂಡ್ ಹತ್ತಿರದವರೆಗೆ 72 ಮೈಲಿ ರಸ್ತೆ ಸೂತ್ರ ಹಿಡಿದ ಹಾಗೆ ನೇರ. ಎರಡೂ ಕಡೆ ಮೆಕ್ಕೆಜೋಳ, ಸೋಯಾ. ಇದು ದನ ಸಾಕುವವರ ಸೀಮೆ, ಹೋಟೆಲಿನಲ್ಲಿ ಸಿಗುವುದೂ ಅದಕ್ಕೆ ತಕ್ಕ ಊಟ. ನಮ್ಮಂಥವರಿಗೆ ಆಲೂಗಡ್ಡೆ ಫ್ರೈಸ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ.

ನಾವು ಸುತ್ತಾದರೂ ಪರವಾಗಿಲ್ಲ ಎಂದು ಗ್ರ್ಯಾಂಡ್ ಐಲ್ಯಾಂಡ್‌ನಲ್ಲಿ ಐ-80 ಬಿಟ್ಟು ಹೈವೇ 2ಕ್ಕೆ ತಿರುಗುತ್ತೇವೆ. ಅದು ಸ್ಯಾಂಡ್‌ಹಿಲ್ಸ್ ನಡುವೆ ಅಲಯನ್ಸ್ ಊರಿಗೆ ಹೋಗುವ ದಾರಿ. ಮರಳಿನ ದಿಬ್ಬಗಳು, ಮೇಲೆಲ್ಲ ಹುಲ್ಲು. ರಸ್ತೆ ಪಕ್ಕದಲ್ಲೇ ವಯೋಮಿಂಗ್‌ನ ಕಲ್ಲಿದ್ದಲು ಹೊತ್ತ ಉದ್ದುದ್ದ ಗೂಡ್ಸ್ ರೈಲುಗಳು. ಥೆಡ್‌ಫರ್ಡ್ ಊರು ಬಿಟ್ಟು ಮಲ್ಲೆನ್ ಮುಟ್ಟುವಷ್ಟರಲ್ಲಿ ಟೈಮ್ ಝೋನ್ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿರುತ್ತದೆ. "ಎಂತ ಮಾರಾಯ, ಈಗಿನ್ನೂ ಹನ್ನೊಂದೂವರೆಯಾ? ನನ್ನ ಹೊಟ್ಟೆಗೆ ಊಟದ ಹೊತ್ತಾಯ್ತು" ಅಂತಾನೆ ಗೆಳೆಯ. ಹಸಿದಾಗ ಕಾರು ಪಕ್ಕಕ್ಕೆ ಹಾಕಿ ಡಬ್ಬಿ ತೆಗೆಯಬಹುದು. ಈ ಫ್ರಿಜ್‌ನಿಂದ ನಮಗೆ ಸಿಕ್ಕಿದ ದೊಡ್ಡ ಸುಖ ಇದೇ. ಊಟ ಸಿಗುವ ಊರಿಗೆ ಓಡುವ ಅವಸರ ಇಲ್ಲ. ರೈಲು ಪೂರ್ತಿ ದಾಟುವವರೆಗೆ ನಿಂತು ನೋಡಬಹುದು.

ಒಳಗೆ 3 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟಿರುತ್ತೇವೆ. ಮೊಸರನ್ನ ಮಾರನೆಯ ದಿನವೂ ಹುಳಿಯಾಗುವುದಿಲ್ಲ. ಮನೆಯಲ್ಲಿ ಪ್ರಯಾಣಕ್ಕೆ ಕಟ್ಟುವಾಗ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕುತ್ತಿದ್ದರಲ್ವಾ, ಇಲ್ಲಿ ಅದೂ ಬೇಕಿಲ್ಲ. ಆದರೆ ತಣ್ಣಗಾದ ಅನ್ನ ಗಟ್ಟಿಯಾಗಿ ಅಗುಳು ಬಿಡಿಬಿಡಿಯಾಗುತ್ತದೆ. ಅರ್ಧ ಗಂಟೆ ಮೊದಲೇ ಸ್ಟೀಲ್ ಡಬ್ಬಿ ಹೊರಗಿಡಿ. ಡಬ್ಬಿ ಮೈಯೆಲ್ಲ ನೀರಹನಿ ಕಟ್ಟಿ, ಅದು ಆರುವ ಹೊತ್ತಿಗೆ ಅನ್ನ ಮೆತ್ತಗಾಗಿರುತ್ತದೆ. ಸ್ವಲ್ಪ ಹಾಲು ಹಾಕಿ ಕಲಸಿ, ಮಿಡಿ ಉಪ್ಪಿನಕಾಯಿ ಹಾಕಿಕೊಂಡರೆ ಆಯ್ತು. ದೋಸೆ ಹಿಟ್ಟು ಒಯ್ಯುವುದಾದರೆ ಡಬ್ಬಿ ಅರ್ಧ ಮಾತ್ರ ತುಂಬಿ, ಚಳಿಯಲ್ಲೂ ಅದು ನಿಧಾನವಾಗಿ ಉಬ್ಬುತ್ತದೆ.

ಕಡಿಮೆ ಬೆಲೆಗೆ ಸಿಗುವ ಥರ್ಮೋಎಲೆಕ್ಟ್ರಿಕ್ ಕೂಲರ್, ಅಂದರೆ ಕಂಪ್ರೆಸರ್ ಇಲ್ಲದೆ ಕರೆಂಟಿನಿಂದಲೇ ತಂಪು ಮಾಡುವ ಪೆಟ್ಟಿಗೆ, ಈ ದಾರಿಗೆ ಆಗುವುದಿಲ್ಲ. ಅದು ಸುತ್ತಲಿನ ಬಿಸಿಗಿಂತ 20 ಡಿಗ್ರಿಯಷ್ಟು ಇಳಿಸಬಲ್ಲದು, ಅಷ್ಟೇ. ಜುಲೈ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 45 ಇದ್ದರೆ ನಿಮ್ಮ ಮೊಸರು 25ರಲ್ಲಿ ಇರುತ್ತದೆ. ಕಂಪ್ರೆಸರ್‌ಗೆ ಆ ಕಷ್ಟ ಇಲ್ಲ, ಮನೆಯ ಫ್ರಿಜ್ ಹಾಗೇ ಕೆಲಸ ಮಾಡುತ್ತದೆ.

ತೊಂದರೆಗಳೂ ಇವೆ. ಮುಚ್ಚಳದ ಪ್ಲಾಸ್ಟಿಕ್ ಕೊಂಡಿ ಎರಡನೇ ಬೇಸಿಗೆಗೇ ಮುರಿಯಿತು. ಬಿಡಿಭಾಗ ಸಿಗಲಿಲ್ಲ, ಈಗ ಬೆಲ್ಟ್ ಬಿಗಿದಿದ್ದೇವೆ. ಅಷ್ಟು ದುಡ್ಡು ತಗೊಂಡು ಒಂದು ಕೊಂಡಿ ಗಟ್ಟಿ ಕೊಡಬಾರದೇ? ತುಂಬಿದ ಮೇಲೆ ಒಬ್ಬರೇ ಎತ್ತುವುದೂ ಕಷ್ಟ. ಮೋಟೆಲಿನಲ್ಲಿ ಮೇಲಿನ ಮಹಡಿ ಕೊಟ್ಟರೆ ಇಬ್ಬರೂ ಹಿಡಿಯಬೇಕು.

ಇನ್ನೊಂದು, ಕಾರಿನ ಬ್ಯಾಟರಿ ಪೂರ್ತಿ ಇಳಿಯದಿರಲಿ ಎಂದು ವೋಲ್ಟೇಜ್ ಕಡಿಮೆಯಾದಾಗ ಫ್ರಿಜ್ ತಾನೇ ನಿಂತುಬಿಡುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಡಿಕ್ಕಿವರೆಗೆ ಉದ್ದದ ತೆಳು ವೈರ್ ಎಳೆದರೆ ವೋಲ್ಟೇಜ್ ದಾರಿಯಲ್ಲೇ ಸೋರಿ, ಬ್ಯಾಟರಿ ಚೆನ್ನಾಗಿದ್ದರೂ ಫ್ರಿಜ್ ನಿಲ್ಲುತ್ತದೆ. ಡಿಕ್ಕಿಯಲ್ಲೇ 12 ವೋಲ್ಟ್ ಸಾಕೆಟ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ದಪ್ಪ ವೈರ್ ಹಾಕಿಸಿ. ಕೆಲವು ಕಾರುಗಳಲ್ಲಿ ಕೀ ತೆಗೆದ ತಕ್ಷಣ ಸಾಕೆಟ್‌ಗೆ ಕರೆಂಟ್ ನಿಲ್ಲುತ್ತದೆ, ಕೊಳ್ಳುವ ಮೊದಲು ನಿಮ್ಮದರಲ್ಲಿ ಹೇಗೆ ಅಂತ ನೋಡಿಕೊಳ್ಳಿ.