ಹಳೆ ಕಾರು ಕೊಟ್ಟು ಹೊಸದು ತಂದೆ, ಆರ್‌ಸಿ ಮಾತ್ರ ನನ್ನ ಹೆಸರಲ್ಲೇ ಉಳಿಯಿತು

ದೊಡ್ಡ ಎಂಜಿನ್ನಿನ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಡಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಹಳೆ ಕಾರನ್ನು ಷೋರೂಮಿಗೆ ಬಿಟ್ಟುಕೊಟ್ಟು ಐದು ತಿಂಗಳಾಗಿತ್ತು. ಕುಣಿಗಲ್ ಹತ್ತಿರ ಅದೇ ಕಾರು ಒಬ್ಬ ಹುಡುಗನ ಬೈಕಿಗೆ ಗುದ್ದಿತು. ಓಡಿಸುತ್ತಿದ್ದವನ ಮುಖವನ್ನೂ ನಾನು ನೋಡಿದವನಲ್ಲ. ಆದರೆ ಪೊಲೀಸರ ಫೋನ್ ಬಂದಿದ್ದು ನನಗೆ.

ಮೊದಲಿಂದ ಹೇಳುತ್ತೇನೆ.

2021ರ ಜೂನ್‌ನಲ್ಲಿ ತಗೊಂಡ ಕಾರು ಅದು. ಜರ್ಮನ್ ಸೆಡಾನ್, ಮೂರು ಲೀಟರ್ ಟರ್ಬೊ ಪೆಟ್ರೋಲ್, ಆರು ಸಿಲಿಂಡರ್. ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಕೆಲಸ ಕಲಿತವನು ನಾನು. ಆಮೇಲೆ ನನ್ನದೇ ಸಣ್ಣ ವರ್ಕ್‌ಶಾಪ್ ಮಾಡಿ, ಹದಿನೈದು ವರ್ಷ ದುಡಿದು ಅದನ್ನು ಕೊಂಡೆ. ಅಪ್ಪನನ್ನು ಕೊನೆಯ ಸಲ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿದ್ದೂ ಅದರಲ್ಲೇ. ಶಿರಾಡಿ ಘಾಟಿ ಇಳಿಯುವಾಗ ಅವರು ಡ್ಯಾಶ್‌ಬೋರ್ಡ್ ಸವರುತ್ತಾ "ನಿಧಾನ ಕಣೋ" ಅಂದಿದ್ದು ಇವತ್ತಿಗೂ ನೆನಪಿದೆ.

2025ರ ಜನವರಿಯಲ್ಲಿ ಅದೇ ಕಂಪನಿಯ ಇನ್ನೂ ವೇಗದ ಕಾರನ್ನು ಓಡಿಸಿ ನೋಡಿದೆ. ನನ್ನದಕ್ಕಿಂತ ಸುಮಾರು ನೂರು ಹಾರ್ಸ್‌ಪವರ್ ಜಾಸ್ತಿ. ನಿಂತಲ್ಲಿಂದ ನೂರು ಮುಟ್ಟಲು ನಾಲ್ಕೇ ಸೆಕೆಂಡ್. ಮನೆಯಲ್ಲಿ ನನ್ನ ಹೆಂಡತಿ "ಇರೋದೇ ಚೆನ್ನಾಗಿದೆಯಲ್ಲ ರೀ" ಅಂದಳು. ನಾನು ಕೇಳಲಿಲ್ಲ.

ಹಳೆ ಕಾರಿಗೆ ಷೋರೂಮಿನವರು ಹೇಳಿದ್ದು 38 ಲಕ್ಷ, ಅದರ ಮೇಲೆ 2 ಲಕ್ಷ ಎಕ್ಸ್‌ಚೇಂಜ್ ಬೋನಸ್. ಇಂಥ ಕಾರುಗಳನ್ನೇ ಕೊಂಡು ಮಾರುವ ಬೆಂಗಳೂರಿನ ಒಬ್ಬರು 41 ಲಕ್ಷ ಕೊಡಲು ತಯಾರಿದ್ದರು. ಆದರೆ ಎರಡು ಕಡೆ ಓಡಾಡುವ ತಾಪತ್ರಯ ಯಾಕೆ, ಒಂದೇ ಕಡೆ ಎಲ್ಲ ಮುಗಿಯಲಿ ಅಂದುಕೊಂಡೆ. ಎಕ್ಸ್‌ಚೇಂಜ್ ಇಲ್ಲದೆ ಬರೀ ಹೊಸ ಕಾರು ತಗೊಂಡರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಲೇ ಇಲ್ಲ. ಆಮೇಲೆ ಬೇರೊಬ್ಬರಿಂದ ತಿಳಿಯಿತು, ಅವರಿಗೆ 3 ಲಕ್ಷ ಬಿಟ್ಟಿದ್ದರಂತೆ. ಅಂದರೆ ನನಗೆ ಸಿಕ್ಕ ಬೋನಸ್ ಹೊಸ ಕಾರಿನ ರಿಯಾಯಿತಿಯೇ, ಅದೂ ಒಂದು ಲಕ್ಷ ಕಮ್ಮಿ. ಹಳೆ ಕಾರಿಗೆ ಎಷ್ಟು, ಹೊಸ ಕಾರಿಗೆ ಎಷ್ಟು ಎಂದು ಎರಡು ಬೇರೆ ಹಾಳೆಯಲ್ಲಿ ಬರೆಸಿಕೊಳ್ಳಿ. ಒಟ್ಟಿಗೆ ಸೇರಿಸಿ ಹೇಳಿದರೆ ಒಪ್ಪಬೇಡಿ.

ಡೆಲಿವರಿ ದಿನ ಇನ್ನೊಂದಾಯಿತು. ಹೊಸ ಕಾರಿಗೆ ಹೂವಿನ ಹಾರ ಹಾಕಿದ್ದಾರೆ, ಅಮ್ಮ ನಿಂಬೆಹಣ್ಣು ಹಿಡಿದು ನಿಂತಿದ್ದಾಳೆ. ಆಗ ಸೇಲ್ಸ್ ಹುಡುಗ ಪಕ್ಕಕ್ಕೆ ಕರೆದು, ಹಳೆ ಕಾರಿನ ಟೈರು, ಮುಂದಿನ ಬ್ರೇಕ್ ಡಿಸ್ಕ್ ಸವೆದಿವೆ, 1 ಲಕ್ಷದ 20 ಸಾವಿರ ಕಡಿತ ಅಂದ. ಮೂರು ವಾರದ ಹಿಂದೆ ಅವರೇ ಕಾರನ್ನು ಲಿಫ್ಟ್ ಮೇಲೆ ಹಾಕಿ ನೋಡಿದ್ದರು. ಅಮ್ಮನ ಮುಂದೆ ಜಗಳ ಬೇಡ ಎಂದು ಸುಮ್ಮನಾದೆ. ಮೊದಲ ಸಲ ಪರೀಕ್ಷೆ ಮಾಡಿದಾಗಲೇ ಟೈರು, ಬ್ರೇಕು, ಸ್ಕ್ಯಾನ್ ವರದಿ ಎಲ್ಲ ಸೇರಿಸಿ, ಇಂಥ ತಾರೀಖಿನವರೆಗೆ ಈ ಬೆಲೆ ಎಂದು ಬರೆಸಿಕೊಂಡಿದ್ದರೆ ಅವರು ಹಾಗೆ ಹೇಳಲು ಆಗುತ್ತಿರಲಿಲ್ಲ.

ಲೆಕ್ಕದ ಇನ್ನೊಂದು ವಿಷಯ. ನೀವು ಕೈಯಿಂದ ಕೊಡುವುದು ವ್ಯತ್ಯಾಸದ ದುಡ್ಡು ಮಾತ್ರ ಇರಬಹುದು, ತೆರಿಗೆ ಬೀಳುವುದು ಹೊಸ ಕಾರಿನ ಪೂರ್ತಿ ಬೆಲೆಯ ಮೇಲೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆಯೇ 18 ಪರ್ಸೆಂಟ್, ಅದರ ಮೇಲೆ ಸೆಸ್ ಬೇರೆ. ಹಳೆ ಕಾರಿಗೆ ಕಟ್ಟಿದ್ದ ತೆರಿಗೆ ಆ ಕಾರಿನ ಜೊತೆಗೇ ಹೋಯಿತು. 1 ಪರ್ಸೆಂಟ್ ಟಿಸಿಎಸ್ (ಮಾರುವವರು ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಇದೆ, ಅದನ್ನು ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು, ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ 40 ಪರ್ಸೆಂಟ್ ಆಗಿದೆ. ಅದಕ್ಕೆ ಮುಂಚೆ ಸೆಸ್ ಸೇರಿ 48, 50 ಇತ್ತು. ಹೊಸ ಕಾರಿನ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯುತ್ತದೆ. ಹಾಗಾಗಿ ನಿಮ್ಮ ಹಳೆ ಇನ್‌ವಾಯ್ಸ್ ಇಟ್ಟುಕೊಂಡು ಲೆಕ್ಕ ಹಾಕಬೇಡಿ, ಈಗಿನ ಬೆಲೆ ನೋಡಿ.

ಈ ದುಡ್ಡಿನ ನಷ್ಟ ಹೇಗೋ ತಡೆದುಕೊಳ್ಳಬಹುದು. ನಾನು ಇದನ್ನು ಬರೆಯಲು ಕೂತಿದ್ದು ಮುಂದಿನದಕ್ಕೆ.

ಡೆಲಿವರಿ ದಿನವೇ, ಆರ್‌ಸಿಯಲ್ಲಿ ಮಾಲೀಕರ ಹೆಸರು ಬದಲಿಸುವ ಫಾರಂ 29, ಫಾರಂ 30ಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡರು. ಹಳೆ ಕಾರಿನ ಲೋನ್ ಬಾಕಿ ಇತ್ತು, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಫಾರಂ 35. ಕೊಳ್ಳುವವರ ಹೆಸರಿನ ಜಾಗ ಖಾಲಿ. ತಾರೀಖಿನ ಜಾಗವೂ ಖಾಲಿ. "ಯಾರು ತಗೊಳ್ತಾರೋ ಅವರ ಹೆಸರು ತುಂಬ್ತೀವಿ ಸಾರ್, ಎಲ್ಲರದ್ದೂ ಹೀಗೇ ಮಾಡೋದು" ಅಂದರು. ಹೊಸ ಕೀಲಿ ಕೈಯಲ್ಲಿತ್ತು. ಸಹಿ ಹಾಕಿದೆ. ಗಾಡಿ ಒಪ್ಪಿಸಿದ್ದಕ್ಕೆ ಒಂದು ಚೀಟಿ ಕೂಡ ತಗೊಳ್ಳಲಿಲ್ಲ.

ಏಪ್ರಿಲ್‌ನಲ್ಲಿ ಮೊದಲ ಎಸ್‌ಎಂಎಸ್ ಬಂತು. ಮೈಸೂರು ಹೆದ್ದಾರಿಯಲ್ಲಿ ಅತಿವೇಗ, ನನ್ನ ಹಳೆ ನಂಬರ್. ಅಲ್ಲಿ ಕಾರಿಗೆ 100ರ ಮಿತಿ. ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಹಾಕುತ್ತಿದ್ದಾರೆ. ಆ ಕಾರು ಎಷ್ಟು ಸಲೀಸಾಗಿ 130 ದಾಟುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಷೋರೂಮಿಗೆ ಫೋನ್ ಮಾಡಿದೆ. ನಾವು ಒಬ್ಬ ಡೀಲರ್‌ಗೆ ಕೊಟ್ಟಿದ್ದೀವಿ, ಆರ್‌ಸಿ ಟ್ರಾನ್ಸ್‌ಫರ್ ಪ್ರೊಸೆಸ್‌ನಲ್ಲಿದೆ ಅಂದರು. ಮೇ ತಿಂಗಳಲ್ಲಿ ಇನ್ನೆರಡು ಎಸ್‌ಎಂಎಸ್. ಮತ್ತೆ ಅದೇ ಉತ್ತರ. ಜೂನ್‌ನಲ್ಲಿ ಹಳೆ ಕಾರಿನ ಇನ್ಶೂರೆನ್ಸ್ ಮುಗಿಯುತ್ತಿದೆ ಎಂದು ಮೆಸೇಜ್ ಬಂದಾಗ, ಕಾರೇ ನನ್ನ ಹತ್ತಿರ ಇಲ್ಲವಲ್ಲ ಎಂದು ಅಳಿಸಿಬಿಟ್ಟೆ. ನನ್ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಆಗಲೇ ಹೊಸ ಕಾರಿನ ಪಾಲಿಸಿಗೆ ಹೋಗಿತ್ತು.

ಜುಲೈನಲ್ಲಿ ಆ ಫೋನ್.

ಗಾಡಿ ಓಡಿಸಿದವರ ಮಾಹಿತಿ ಕೊಡಿ ಎಂದು ಕೇಳಿದರು. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಅದನ್ನು ಕೊಡುವುದು ಮಾಲೀಕನ ಕರ್ತವ್ಯ. ನನ್ನ ಬಳಿ ಮಾಹಿತಿಯೇ ಇರಲಿಲ್ಲ. ಷೋರೂಮಿನಿಂದ ಡೀಲರ್, ಅವನಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ, ಹೀಗೆ ಮೂರು ಕೈ ದಾಟಿದೆ. ಆರ್‌ಸಿ ಒಂದು ಹೆಜ್ಜೆಯೂ ಕದಲಿಲ್ಲ. ಇನ್ಶೂರೆನ್ಸ್ ಯಾರೂ ಕಟ್ಟಿಲ್ಲ.

ವಕೀಲರು ಹೇಳಿದ ಮಾತು ಕೇಳಿ ನನ್ನ ಕೈಕಾಲು ತಣ್ಣಗಾಯಿತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಅಲ್ಲೂ ಕಾರು ಹಲವು ಕೈ ದಾಟಿತ್ತು, ಆರ್‌ಸಿ ಮೊದಲಿನವರ ಹೆಸರಲ್ಲೇ ಇತ್ತು. ಅಪಘಾತಕ್ಕೆ ಸಿಕ್ಕವರು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಹುಡುಕಿಕೊಂಡು ಅಲೆಯುವಂತಾಗಬಾರದು, ಹಾಗಾಗಿ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದಿತು ಕೋರ್ಟ್. ಯೋಚಿಸಿದರೆ ಅದು ನ್ಯಾಯವೇ.

ನಾನು ಆ ಹುಡುಗನನ್ನು ನೋಡಲು ತುಮಕೂರಿನ ಆಸ್ಪತ್ರೆಗೆ ಹೋದೆ. ವಕೀಲರು ಬೇಡ ಅಂದಿದ್ದರು. ಇಪ್ಪತ್ತೆರಡು ವರ್ಷ, ಬಲಗಾಲಿಗೆ ರಾಡ್ ಹಾಕಿದ್ದಾರೆ. ಅವನ ತಾಯಿ "ಕಾರು ನಿಮ್ದೇನಪ್ಪಾ?" ಎಂದು ಕೇಳಿದರು. ಮಾರಿದ್ದೀನಿ ಅಮ್ಮ ಅನ್ನಲು ಬಾಯಿ ಬರಲಿಲ್ಲ. ಹೌದು ಅಂದೆ. ಕೇಸ್ ಇನ್ನೂ ನಡೆಯುತ್ತಿದೆ. ಆಸ್ಪತ್ರೆ ಖರ್ಚಿಗೆ ನನ್ನ ಕೈಲಾದಷ್ಟು ಕೊಟ್ಟಿದ್ದೇನೆ, ಯಾರು ತಪ್ಪು ಎಂದು ತೀರ್ಮಾನ ಆಗುವವರೆಗೆ ಅವರು ಕಾಯುವುದಕ್ಕೆ ಆಗುವುದಿಲ್ಲ, ಅಲ್ವಾ?

ಈಗ ನೀವು ಮಾಡಬೇಕಾದ್ದು. ಖಾಲಿ ಫಾರಂಗೆ ಸಹಿ ಬೇಡವೇ ಬೇಡ. 2023ರ ಏಪ್ರಿಲ್ 1ರಿಂದ, ಹಳೆ ಗಾಡಿ ಮಾರುವ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು ಎಂಬ ನಿಯಮ ಇದೆ. ಅಂಥ ಡೀಲರ್‌ಗೆ ಗಾಡಿ ಒಪ್ಪಿಸುವಾಗ ಫಾರಂ 29ಸಿ ಮೂಲಕ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ನಿಮ್ಮ ಕಾರು ಯಾರಿಗೆ ಹೋಗುತ್ತದೆ, ಅವರ ಹತ್ತಿರ ಆ ಪತ್ರ ಇದೆಯಾ ಎಂದು ಕೇಳಿ. 29ಸಿ ಆಗುವವರೆಗೆ ಕೀಲಿ ಕೊಡಬೇಡಿ. ನೇರವಾಗಿ ಒಬ್ಬ ವ್ಯಕ್ತಿಗೆ ಮಾರಿದರೆ, ರಾಜ್ಯದೊಳಗೇ ಆದರೆ, 14 ದಿನದೊಳಗೆ ಆರ್‌ಟಿಒಗೆ ತಿಳಿಸುವ ಜವಾಬ್ದಾರಿ ಮಾರಿದವರದು. ಲೋನ್ ತೀರಿದೆ ಎನ್ನುವ ಬ್ಯಾಂಕಿನ ಪತ್ರ, ಅಂದರೆ ಎನ್‌ಒಸಿ, ನೀವೇ ಪಡೆದು ಕೊಡಿ. ಕಾರು ಒಪ್ಪಿಸಿದ ತಾರೀಖು, ಗಂಟೆ, ಮೀಟರ್ ಓದು ಬರೆದು ಸೀಲ್ ಹಾಕಿಸಿಕೊಳ್ಳಿ. ನನಗೆ ಈಗ ಆಧಾರ ಅಂತ ಇರುವುದು ಅಮ್ಮ ತೆಗೆಸಿಕೊಂಡ ಒಂದು ಫೋಟೊ. ಅದರಲ್ಲಿ ಹೊಸ ಕಾರಿನ ಹಿಂದೆ ಹಳೆಯದು ನಿಂತಿದೆ, ನಂಬರ್ ಪ್ಲೇಟ್ ಅರ್ಧ ಕಾಣುತ್ತದೆ.

ಆರ್‌ಸಿ ಬದಲಾಗುವವರೆಗೆ ಷೋರೂಮಿಗೆ ಕೊಡುವ ದುಡ್ಡಲ್ಲಿ ಸ್ವಲ್ಪ ತಡೆಹಿಡಿಯಿರಿ. ಒಪ್ಪದಿದ್ದರೆ ಬೇರೆ ಕಡೆ ಮಾರಿ. ಮಾರಿದ ಕಾರಿನ ಇನ್ಶೂರೆನ್ಸ್ ಮುಗಿಯುವ ಮೆಸೇಜ್ ನಿಮಗೇ ಬಂದರೆ ಅಳಿಸಬೇಡಿ, ಅವತ್ತೇ ವಿಚಾರಿಸಿ.

ಹಿಂದೆ ಯಾವಾಗಲೋ ಕಾರು ಕೊಟ್ಟಿದ್ದರೂ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ಆ ನಂಬರ್ ಹಾಕಿ ಒಮ್ಮೆ ನೋಡಿ. ಇನ್ನೂ ನಿಮ್ಮ ಹೆಸರೇ ಇದ್ದರೆ, ಫೋನ್‌ನಲ್ಲಿ ಕೇಳುತ್ತಾ ಕೂರಬೇಡಿ. ನಾಳೆ ಬೆಳಿಗ್ಗೆ ಷೋರೂಮಿಗೆ ಹೋಗಿ ಕಾರು ಈಗ ಎಲ್ಲಿದೆ ಎಂದು ಕೇಳಿ, ಬರಹದಲ್ಲಿ ಉತ್ತರ ತಗೊಂಡೇ ಬನ್ನಿ. ಅಲ್ಲಿಂದ ಸೀದಾ ಆರ್‌ಟಿಒಗೆ ಹೋಗಿ.