ಹಳೇ ಡಿಜಿಟಲ್ ಪೇಂಟಿಂಗ್: ಪೇಂಟ್‌ಬಾಕ್ಸಾ, ಅಮಿಗಾನಾ?

1980ರ ದಶಕದ ಡಿಜಿಟಲ್ ಚಿತ್ರಗಳ ಗೀಳು ಹತ್ತಿದೆಯಾ? ಹಾಗಾದರೆ ನಿಮ್ಮ ಮುಂದೆ ಎರಡು ದಾರಿ ಇವೆ.

ಒಂದು ಕ್ವಾಂಟೆಲ್ ಪೇಂಟ್‌ಬಾಕ್ಸ್. ಪರದೆಯ ಮೇಲೆ ಚಿತ್ರ ಬರೆಯಲೆಂದೇ 1981ರಲ್ಲಿ ಬಂದ ಬ್ರಿಟನ್ನಿನ ಯಂತ್ರ, ಬೆಲೆ ಲಕ್ಷಾಂತರ ಡಾಲರ್, ಹಾಗಾಗಿ ಟಿವಿ ಸ್ಟುಡಿಯೋಗಳೇ ಕೊಳ್ಳುತ್ತಿದ್ದವು. ಅದರ ಪೆನ್ ಒತ್ತಡಕ್ಕೆ ಸ್ಪಂದಿಸುತ್ತಿತ್ತು. ಸ್ವಲ್ಪ ಒತ್ತಿದರೆ ಗೆರೆ ದಪ್ಪ, ಹಗುರಾಗಿ ಎಳೆದರೆ ತೆಳು, ಥೇಟ್ ಕುಂಚದ ಹಾಗೆ. ಬಣ್ಣಗಳು ಒಂದರೊಳಗೊಂದು ಕಲೆತು ಹೋಗುತ್ತಿದ್ದವು. 1987ರಲ್ಲಿ ಬಿಬಿಸಿಯ ಒಂದು ಸರಣಿಗಾಗಿ ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ ಇದರಲ್ಲೇ ಚಿತ್ರ ಬರೆದರು.

ಇನ್ನೊಂದು 1985ರ ಅಮಿಗಾ 1000 ಎಂಬ ಪರ್ಸನಲ್ ಕಂಪ್ಯೂಟರ್, ಬೆಲೆ 1,295 ಡಾಲರ್. ಅದರ ಬಿಡುಗಡೆ ಸಮಾರಂಭದಲ್ಲಿ ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ವೇದಿಕೆಯ ಮೇಲೇ ಗಾಯಕಿ ಡೆಬ್ಬಿ ಹ್ಯಾರಿಯ ಚಿತ್ರ ಮಾಡಿದರು. ಅವರು ಅಮಿಗಾದಲ್ಲಿ ಬರೆದ ಬೇರೆ ಕೆಲವು ಚಿತ್ರಗಳು ಹಳೇ ಫ್ಲಾಪಿಗಳಲ್ಲೇ ಉಳಿದುಬಿಟ್ಟಿದ್ದವು, 2014ರಲ್ಲಿ ಹೊರಬಂದವು! ಇಲ್ಲಿ ಕೈಗೆ ಸಿಗುವುದು ಮೌಸ್. ಇದರ ಚಿತ್ರ ಬಿಡಿಸುವ ಸಾಫ್ಟ್‌ವೇರ್, ಡ್ಯಾನ್ ಸಿಲ್ವಾ ಬರೆದ ಡಿಲಕ್ಸ್ ಪೇಂಟ್‌ನಲ್ಲಿ ಸಾಮಾನ್ಯವಾಗಿ ಒಮ್ಮೆಗೆ 32 ಬಣ್ಣ ಅಷ್ಟೇ, 4,096ರಲ್ಲಿ ಆರಿಸಿಕೊಳ್ಳಬೇಕು. ಕಮ್ಮಿ ಅನ್ನಿಸುತ್ತೆ ಅಲ್ವಾ? ಆದರೆ ಆ ಬಣ್ಣಗಳನ್ನು ಸರದಿಯಲ್ಲಿ ತಿರುಗಿಸಿದರೆ ಚಿತ್ರದಲ್ಲಿರುವ ಜಲಪಾತ ಹರಿಯತೊಡಗುತ್ತದೆ, ಒಂದೇ ಒಂದು ಹೊಸ ಫ್ರೇಮ್ ಬರೆಯದೆ.

ನನ್ನ ಕೇಳಿದರೆ ಅಮಿಗಾ. ಎಮ್ಯುಲೇಟರ್ (ಹಳೇ ಕಂಪ್ಯೂಟರಿನಂತೆ ಕೆಲಸ ಮಾಡುವ ಸಾಫ್ಟ್‌ವೇರ್) ಹಾಕಿಕೊಂಡರೆ ಮನೆಯ ಲ್ಯಾಪ್‌ಟಾಪಿನಲ್ಲೇ ಶುರು ಮಾಡಬಹುದು. ಕುಂಚದ ಅನುಭವವೇ ಮುಖ್ಯ ಅನ್ನುವವರು ಸುಮ್ನೆ ಪೇಂಟ್‌ಬಾಕ್ಸ್ ಹುಡುಕಬೇಡಿ, ಈಗಿನ ಪೆನ್ ಟ್ಯಾಬ್ಲೆಟ್ ಸಾಕು.