ಚೆನ್ನೈಗೆ ಇಳಿಯುವಾಗ ತಪ್ಪಿದ 280 ಅಡಿ: ಯಲಹಂಕದ ಸಿಮ್ಯುಲೇಟರ್ ಕೇಂದ್ರದಲ್ಲಿ ಎರಡು ಗಂಟೆ

ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಆಲ್ಟಿಮೀಟರ್‌ಗಳನ್ನು ಮೂವತ್ತೊಂದು ವರ್ಷ ಬಿಚ್ಚಿ ಜೋಡಿಸಿದವನು ನಾನು. ಒಳಗಿರುವ ತೆಳು ಲೋಹದ ಡಬ್ಬಿ ಗಾಳಿಯ ಒತ್ತಡಕ್ಕೆ ತಕ್ಕಂತೆ ಉಬ್ಬುವುದನ್ನು, ಕುಗ್ಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಮುಳ್ಳನ್ನು ನಂಬಿ ವಿಮಾನ ಇಳಿಸುವವರ ಪಾಡು ಏನೆಂದು ಅರ್ಥವಾದದ್ದು ಕಳೆದ ಶನಿವಾರ, ನೆಲದ ಮೇಲೆಯೇ ವಿಮಾನ ಹಾರಿಸುವ ಅಭ್ಯಾಸ ಮಾಡಿಸುವ ಯಲಹಂಕದ ಒಂದು ಸಿಮ್ಯುಲೇಟರ್ ಕೇಂದ್ರದಲ್ಲಿ. ಪೈಲಟ್ ಪರವಾನಗಿಗೆ ಓದುತ್ತಿರುವ ಮಗಳ ಜೊತೆ ಹೋಗಿದ್ದೆ. ಎರಡು ಗಂಟೆಗೆ ಒಂಬತ್ತು ಸಾವಿರ ರೂಪಾಯಿ.

ಅಂದಿನ ಪಾಠ ಇಳಿಯುವುದು ಮಾತ್ರ. ಬೆಂಗಳೂರಿನಿಂದ ಹೊರಟ ವಿಮಾನ, ಚೆನ್ನೈನಲ್ಲಿ ಮಳೆಗಾಳಿ, ಒತ್ತಡ 1003 ಮಿಲಿಬಾರ್. ಮೇಲೆ ಹಾರುವಾಗ ಎಲ್ಲರೂ ಆಲ್ಟಿಮೀಟರನ್ನು 1013ಕ್ಕೆ ಇಟ್ಟಿರುತ್ತಾರೆ. ಕೆಳಗೆ ಬರುತ್ತಾ ಅದನ್ನು ಆ ಊರಿನ ಒತ್ತಡಕ್ಕೆ ತಿರುಗಿಸಿಕೊಳ್ಳಬೇಕು. ಸರಿಯಾಗಿ ಆ ಗಳಿಗೆಗೇ ತರಬೇತುದಾರರು ರೇಡಿಯೊದಲ್ಲಿ ರನ್‌ವೇ ಬದಲಿಸಿದರು, ವೇಗ ತಗ್ಗಿಸಲು ಹೇಳಿದರು, ಹೊಸ ತರಂಗಾಂತರ ಕೊಟ್ಟರು. ಮಗಳು ಎಲ್ಲವನ್ನೂ ಬರೆದುಕೊಂಡಳು, ಕಂಪ್ಯೂಟರಿಗೆ ಹಾಕಿದಳು. ಒತ್ತಡದ ನಾಬ್ ಮಾತ್ರ ಇದ್ದಲ್ಲೇ ಉಳಿಯಿತು. 3,000 ಅಡಿಗೆ ಮುಳ್ಳು ಕರಾರುವಾಕ್ಕಾಗಿ ನಿಂತಿತು.

ಅವರು ಪರದೆಯನ್ನು ನಿಲ್ಲಿಸಿ, “ಈಗ ನಿಜವಾಗಿ ಎಷ್ಟು ಎತ್ತರದಲ್ಲಿದ್ದೀರಿ?” ಎಂದು ಕೇಳಿದರು. ಹಿಂದಿನ ಕುರ್ಚಿಯಲ್ಲಿ ನಾನು ಲೆಕ್ಕ ಹಾಕಿದೆ. ಹತ್ತು ಮಿಲಿಬಾರ್ ವ್ಯತ್ಯಾಸ, ಒಂದಕ್ಕೆ ಸುಮಾರು 28 ಅಡಿ. ಹೇಳಿದ ಎತ್ತರಕ್ಕಿಂತ 280 ಅಡಿ ಕೆಳಗಿದ್ದೆವು. ಉಪಕರಣದಲ್ಲಿ ಎಳ್ಳಷ್ಟೂ ದೋಷವಿಲ್ಲ. ನನ್ನ ಮೇಜಿಗೆ ಬಂದಿದ್ದರೆ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಅದೇ ನನ್ನನ್ನು ಕಾಡಿತು.

ಆಮೇಲೆ ಅವರು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಆಕಾಶದಲ್ಲೇ ಎರಡು ವಿಮಾನಗಳು ಡಿಕ್ಕಿಯಾದದ್ದನ್ನು ನೆನಪಿಸಿದರು. 1996ರ ನವೆಂಬರ್ 12ರಂದು ದೆಹಲಿಗೆ ಇಳಿಯುತ್ತಿದ್ದ ಕಝಾಕಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲಲು ಹೇಳಿದ್ದರು. ಅದು ಇನ್ನೂ ಕೆಳಗಿಳಿಯಿತು. ಎದುರಿಗೆ 14,000 ಅಡಿಯಲ್ಲಿ ಸೌದಿ ವಿಮಾನವಿತ್ತು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇದನ್ನು ಹೇಳಿದ ಮೇಲೆ ಮಗಳಿಂದ ನಾಲ್ಕು ಬಾರಿ ಇಳಿಸಿದರು. ಪ್ರತಿ ಬಾರಿಯೂ ಕೊನೆಯ ಸಾವಿರ ಅಡಿ ಬಾಕಿ ಇರುವಾಗ ಅದನ್ನು ಗಟ್ಟಿಯಾಗಿ ಹೇಳಿಸಿ, ನಿಗದಿಯಾದ ಎತ್ತರದ ಅಂಕಿಯ ಕಡೆಗೆ ಬೆರಳು ಮಾಡಿಸಿದರು.

ಎತ್ತರದ ನಾಬ್ ಮತ್ತು ಇಳಿಯುವ ದರದ ನಾಬ್ ಇಲ್ಲಿ ಅಕ್ಕಪಕ್ಕದಲ್ಲೇ ಇವೆ, ಏರ್‌ಬಸ್ ಎ320ಯಲ್ಲಿರುವಂತೆಯೇ. ಅದನ್ನು ನೋಡಿ ನನ್ನ ಗಂಟಲು ಕಟ್ಟಿತು. 1990ರ ಫೆಬ್ರುವರಿ 14ರಂದು ನಾವು ಮುರುಗೇಶಪಾಳ್ಯದಲ್ಲಿದ್ದೆವು. ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಎ320 ಬಿದ್ದು, 146 ಜನರಲ್ಲಿ 92 ಮಂದಿ ತೀರಿಕೊಂಡರು. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದಾಗಲೇ ವಿಮಾನ ಇಳಿಯುತ್ತಾ ಹೋಗಿತ್ತು. ಒಂದು ನಾಬ್ ಬದಲು ಇನ್ನೊಂದನ್ನು ತಿರುಗಿಸಿರಬಹುದೇ ಎಂಬ ಮಾತು ಆಗಲೂ ಬಂದಿತ್ತು. ತರಬೇತುದಾರರು ಅದನ್ನು ಸತ್ತವರ ಮೇಲೆ ತಪ್ಪು ಹೊರಿಸದೆ ವಿವರಿಸಿದ ರೀತಿಗೆ ನಾನು ಋಣಿ.

ಕೊರತೆಗಳೂ ಇವೆ. ಕೊನೆಯ ಚರ್ಚೆಯನ್ನೂ ಎರಡು ಗಂಟೆಯಲ್ಲೇ ಸೇರಿಸುವುದರಿಂದ ಹಾರಾಟಕ್ಕೆ ಸಿಗುವುದು ಒಂದೂವರೆ ಗಂಟೆ ಮಾತ್ರ. ಬಲಬದಿಯ ಒತ್ತಡದ ನಾಬ್ ಒಂದು ಹೆಜ್ಜೆ ತಿರುಗಿಸಿದರೆ ಎರಡು ಅಂಕಿ ಜಿಗಿಯುತ್ತದೆ. ಇಂಥ ಪಾಠ ಕಲಿಸುವ ಜಾಗದಲ್ಲಿ ಇದನ್ನು ನಾನು ಒಪ್ಪಲಾರೆ. ಮಾಲೀಕರಿಗೆ ನೇರವಾಗಿ ಹೇಳಿದೆ. ಮುಂದಿನ ಶನಿವಾರ ನನ್ನ ಸ್ಕ್ರೂಡ್ರೈವರ್ ಪೆಟ್ಟಿಗೆಯೊಂದಿಗೆ ಒಂದು ಗಂಟೆ ಮೊದಲೇ ಬರಲು ಒಪ್ಪಿಗೆ ಕೊಟ್ಟಿದ್ದಾರೆ.